ಐಡಲ್‌ನಲ್ಲಿ ನಡುಗುವ ಸೆಸ್ನಾ: ಪೆಟ್ರೋಲ್ ಕಡಿಮೆಯೋ, ಗಾಳಿ ಜಾಸ್ತಿಯೋ?

ಟೆಕ್ ಲಾಗ್‌ನಲ್ಲಿ ಪೈಲಟ್ ಬರೆದಿದ್ದು ಒಂದೇ ಸಾಲು: "ಐಡಲ್‌ನಲ್ಲಿ ಎಂಜಿನ್ ರಫ್. ಪವರ್ ಕೊಟ್ಟರೆ ಸರಿಹೋಗುತ್ತದೆ." ಐಡಲ್ ಅಂದರೆ ಥ್ರಾಟಲ್ ಮುಚ್ಚಿ ಎಂಜಿನ್ ನಿಧಾನಕ್ಕೆ ಓಡುವ ಸ್ಥಿತಿ.

ವಿಮಾನ ಹಳೆಯ ಸೆಸ್ನಾ 172. ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬ್ಯುರೇಟರ್ ಇರುವ ನಾಲ್ಕು ಸಿಲಿಂಡರಿನ ಲೈಕಾಮಿಂಗ್ ಎಂಜಿನ್. ಜಾಗ ಬೆಂಗಳೂರಿನ ಒಂದು ಹ್ಯಾಂಗರ್. ನಾನು ರಜೆ ಮುಗಿಸಿ ಬರುವಷ್ಟರಲ್ಲಿ ನಮ್ಮ ಹುಡುಗರು ಸಿಲಿಂಡರಿಗೆ ಎರಡರಂತೆ ಎಂಟೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕ್ಲೀನ್ ಮಾಡಿ, ವಾಪಸ್ ಹಾಕಿದ್ದರು. ಐಡಲ್ ಮಿಕ್ಸ್ಚರ್ ಸ್ಕ್ರೂವನ್ನು ರಿಚ್ ಕಡೆಗೆ, ಅಂದರೆ ಪೆಟ್ರೋಲ್ ಜಾಸ್ತಿಯಾಗುವ ಕಡೆಗೆ, ಒಂದಿಷ್ಟು ತಿರುಗಿಸಿದ್ದರು. ಎರಡು ದಿನ ಎಂಜಿನ್ ತೆಪ್ಪಗಿತ್ತು. ಮೂರನೇ ದಿನ ಲಾಗ್‌ನಲ್ಲಿ ಮತ್ತೆ ಅದೇ ಸಾಲು.

"ಪೆಟ್ರೋಲ್ ಸಾಲ್ತಿಲ್ಲ ಅನ್ಸುತ್ತೆ ಸಾರ್. ಕಾರ್ಬ್ಯುರೇಟರ್ ಇಳಿಸೋಣ್ವಾ?"

"ಇಳಿಸೋದು ಇರಲಿ ಕಣಪ್ಪಾ. ಪೆಟ್ರೋಲ್ ಕಡಿಮೆ ಆಗಿದೆಯೋ, ಗಾಳಿ ಜಾಸ್ತಿ ಆಗಿದೆಯೋ, ಅದನ್ನ ಮೊದಲು ಹೇಳು."

ಹುಡುಗ ತಲೆ ಕೆರೆದುಕೊಂಡ. ಎರಡೂ ಒಂದೇ ಅಲ್ವಾ ಅನ್ನುವುದು ಅವನ ಪ್ರಶ್ನೆ. ಸಿಲಿಂಡರಿನ ಒಳಗೆ ಎರಡೂ ಒಂದೇ, ನಿಜ. ಆದರೆ ಸ್ಪ್ಯಾನರ್ ಹಿಡಿದವನಿಗೆ ಒಂದೇ ಅಲ್ಲ. ಪೆಟ್ರೋಲ್ ಬರುವ ದಾರಿ ಬೇರೆ, ಗಾಳಿ ಬರುವ ದಾರಿ ಬೇರೆ. ತಪ್ಪು ದಾರಿ ಹಿಡಿದರೆ ಒಳ್ಳೆಯ ಕಾರ್ಬ್ಯುರೇಟರನ್ನು ಇಳಿಸಿ, ಬಿಚ್ಚಿ, ಜೋಡಿಸಿ, ಒಂದು ವಾರ ಕಳೆದು, ಹೊರಟಲ್ಲಿಗೇ ಬಂದು ನಿಲ್ಲುತ್ತೇವೆ.

ಒಂದು ಲೀಟರಿಗೆ ಒಂದು ಟ್ಯಾಂಕರ್

ಲೆಕ್ಕ ಮೊದಲು. 1 ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 15 ಕೆಜಿ ಗಾಳಿ ಬೇಕು. ತೂಕದಲ್ಲಿ ಗಾಳಿಯ ಶೇ. 23 ಆಮ್ಲಜನಕ. ಅಂದರೆ 1 ಕೆಜಿ ಪೆಟ್ರೋಲಿಗೆ ಹತ್ತಿರ ಹತ್ತಿರ ಮೂರೂವರೆ ಕೆಜಿ ಆಮ್ಲಜನಕ. ಉಳಿದಿದ್ದು ಹೆಚ್ಚಾಗಿ ನೈಟ್ರೋಜನ್. ಅದು ಬಿಸಿಯಾಗಿ ಹಿಗ್ಗಿ ಪಿಸ್ಟನ್ ತಳ್ಳಲು ಬರುತ್ತದೆ, ಉರಿಯಲು ಅಲ್ಲ.

ನಮ್ಮ ವಿಮಾನಕ್ಕೆ ಹಾಕುವುದು ನೀಲಿ ಬಣ್ಣದ ಆವ್‌ಗ್ಯಾಸ್ 100ಎಲ್‌ಎಲ್, ಅಂದರೆ ವಿಮಾನದ ಪೆಟ್ರೋಲ್. 1 ಲೀಟರಿನ ತೂಕ ಸುಮಾರು 720 ಗ್ರಾಂ. ಬೆಂಗಳೂರಿನ ಎತ್ತರದಲ್ಲಿ ಅದಕ್ಕೆ ಬೇಕಾದ ಗಾಳಿ ಹೆಚ್ಚುಕಡಿಮೆ 10,000 ಲೀಟರ್. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ ದೊಡ್ಡ ನೀರಿನ ಟ್ಯಾಂಕರ್ ತುಂಬುವಷ್ಟು. ಅಷ್ಟು ಗಾಳಿ ಒಂದು ಫಿಲ್ಟರ್, ಒಂದು ಬಾಕ್ಸ್, ನಾಲ್ಕು ಕೊಳವೆ ದಾಟಿ ಬರಬೇಕು. ಕೆಡಲು ಗಾಳಿಯ ಕಡೆ ಎಷ್ಟೊಂದು ಜಾಗ ಇದೆ ನೋಡಿ. ಆದರೂ ಎಲ್ಲರ ಕೈ ಮೊದಲು ಹೋಗುವುದು ಪೆಟ್ರೋಲ್ ಕಡೆಗೇ.

ಸೌದೆ ಒಲೆ ಉರಿಸಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸೌದೆ ತುರುಕಿದರೆ ಹೊಗೆ. ಆಗ ಅಜ್ಜಿ ಇನ್ನೊಂದು ಸೌದೆ ಹಾಕುತ್ತಿರಲಿಲ್ಲ, ಊದುಗೊಳವೆ ತೆಗೆದುಕೊಳ್ಳುತ್ತಿದ್ದಳು. ಸೀಮೆಎಣ್ಣೆಯ ಪಂಪ್ ಸ್ಟೌನಲ್ಲೂ ಅಷ್ಟೆ. ನೀಲಿ ಉರಿ ಬಂದರೆ ಗಾಳಿ ಸರಿಯಾಗಿ ಬೆರೆತಿದೆ. ಹಳದಿ ಉರಿ ಬಂದು ಪಾತ್ರೆಯ ತಳ ಕಪ್ಪಾದರೆ ಗಾಳಿ ಸಾಲದು.

ಎಂಜಿನ್ ಜಾಸ್ತಿ ಶಕ್ತಿ ಕೊಡುವುದು ಮಿಶ್ರಣ ಸ್ವಲ್ಪ ರಿಚ್ ಇದ್ದಾಗ, ಅಂದರೆ ಪೆಟ್ರೋಲ್ 1ಕ್ಕೆ ಗಾಳಿ 12 ಅಥವಾ 13 ಇದ್ದಾಗ. ಗಾಳಿ 8ಕ್ಕಿಂತ ತುಂಬಾ ಕಡಿಮೆಯಾದರೆ, ಇಲ್ಲವೇ 18ಕ್ಕಿಂತ ತುಂಬಾ ಜಾಸ್ತಿಯಾದರೆ ಕಿಡಿ ಬಿದ್ದರೂ ಹತ್ತಿಕೊಳ್ಳುವುದೇ ಕಷ್ಟ. ತೊಂದರೆ ಏನೆಂದರೆ, ರಿಚ್ ಆಗಿ ತಪ್ಪಿದ ಬೆಂಕಿಯೂ ಲೀನ್ ಆಗಿ, ಅಂದರೆ ಪೆಟ್ರೋಲ್ ಕಡಿಮೆಯಾಗಿ, ತಪ್ಪಿದ ಬೆಂಕಿಯೂ ಸೀಟಿನಲ್ಲಿ ಕೂತವನಿಗೆ ಒಂದೇ ತರಹದ ನಡುಕ.

ಕೆಂಪು ನಾಬ್ ಹೇಳುವ ಮಾತು

ಅದಕ್ಕೇ ನಾನು ಕೌಲಿಂಗ್, ಅಂದರೆ ಎಂಜಿನ್ನಿನ ಮುಚ್ಚಳ, ತೆಗೆಯುವ ಮೊದಲು ಕಾಕ್‌ಪಿಟ್‌ಗೆ ಹತ್ತುತ್ತೇನೆ. ಎಂಜಿನ್ ಬೆಚ್ಚಗಾದ ಮೇಲೆ ಐಡಲ್‌ಗೆ ತಂದು, ಕೆಂಪು ಮಿಕ್ಸ್ಚರ್ ನಾಬನ್ನು ನಿಧಾನಕ್ಕೆ ಹೊರಗೆ ಎಳೆಯುತ್ತಾ ಹೋಗುತ್ತೇನೆ. ಎಳೆದಷ್ಟೂ ಪೆಟ್ರೋಲ್ ಕಡಿಮೆಯಾಗುತ್ತದೆ. ಕಣ್ಣು ಆರ್‌ಪಿಎಂ ಸೂಜಿಯ ಮೇಲೆ.

ಸರಿಯಾಗಿದ್ದರೆ ಸೂಜಿ 10ರಿಂದ 50 ಆರ್‌ಪಿಎಂ ಏರಿ ಆಮೇಲೆ ಬೀಳುತ್ತದೆ. 50ಕ್ಕಿಂತ ಜಾಸ್ತಿ ಏರಿದರೆ ಐಡಲ್ ರಿಚ್. ಏರದೆ ನೇರವಾಗಿ ಬಿದ್ದರೆ ಲೀನ್. ಅರ್ಧ ನಿಮಿಷದ ಕೆಲಸ, ಖರ್ಚಿಲ್ಲ. ಹೇಗೂ ಎಂಜಿನ್ ನಿಲ್ಲಿಸುವುದು ಇದೇ ನಾಬ್ ಎಳೆದು. ಹಾಗಾಗಿ ಪ್ರತಿ ಪೈಲಟ್ ದಿನಕ್ಕೆ ಎರಡು ಮೂರು ಸಲ ಈ ಪರೀಕ್ಷೆ ಮಾಡುತ್ತಲೇ ಇರುತ್ತಾನೆ. ಸೂಜಿ ನೋಡುವುದಿಲ್ಲ, ಅಷ್ಟೆ.

ಎರಡನೇ ಪ್ರಶ್ನೆ: ಯಾವಾಗ ನಡುಗುತ್ತದೆ? ಐಡಲ್‌ನಲ್ಲಿ ಮಾತ್ರವೋ, ಫುಲ್ ಥ್ರಾಟಲ್‌ನಲ್ಲಿ ಮಾತ್ರವೋ, ಎರಡರಲ್ಲೂನೋ? ಈ ಉತ್ತರ ಪೈಲಟ್ ಬಾಯಿಂದಲೇ ಬರಬೇಕು. "ರಫ್" ಅಂತ ಒಂದೇ ಪದ ಬರೆದು ಹೋದವನನ್ನು ಕ್ಯಾಂಟೀನ್‌ನಲ್ಲಿ ಹಿಡಿದು ಕೂರಿಸಿ ಕೇಳಿದ್ದೂ ಉಂಟು.

ಬೆಂಗಳೂರಿನ ಕಾಯಿಲೆ: ಫುಲ್ ರಿಚ್

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಬಿಸಿಲಿದ್ದರೆ ಎಂಜಿನ್ ಪಾಲಿಗೆ ಅದು 6000 ಅಡಿ ಎತ್ತರದ ಗಾಳಿ. ಗಾಳಿಯಲ್ಲಿ ಆಮ್ಲಜನಕದ ಪಾಲು ಅದೇ. ಆದರೆ ಗಾಳಿಯೇ ತೆಳು. ಕಾರ್ಬ್ಯುರೇಟರ್‌ಗೆ ಗಾಳಿಯ ತೂಕ ಗೊತ್ತಾಗುವುದಿಲ್ಲ. ಗಾಳಿ ತೆಳುವಾದಷ್ಟು ಅದು ಪೆಟ್ರೋಲ್ ಕಡಿಮೆ ಮಾಡುವುದಿಲ್ಲ. ಮಂಗಳೂರಿನ ಕಡೆ ಸಮುದ್ರಮಟ್ಟದ ಹತ್ತಿರ ಸರಿಯಾಗಿದ್ದ ಫುಲ್ ರಿಚ್ ಇಲ್ಲಿ ಜಾಸ್ತಿ ರಿಚ್ ಆಗುತ್ತದೆ. 172ಎನ್ ಮಾಡೆಲ್‌ನ ಕೈಪಿಡಿಯಲ್ಲೇ ಇದೆ: 3000 ಅಡಿಗಿಂತ ಮೇಲಿನ ಏರ್‌ಫೀಲ್ಡಿನಿಂದ ಹಾರುವ ಮುಂಚೆ, ಫುಲ್ ಥ್ರಾಟಲ್‌ನಲ್ಲಿ ನಿಂತು, ಆರ್‌ಪಿಎಂ ಅತಿ ಹೆಚ್ಚು ಬರುವಷ್ಟು ಲೀನ್ ಮಾಡಿಕೊಳ್ಳಿ ಅಂತ. ನಾವಿರುವುದು ಸರಿಯಾಗಿ ಆ ಗೆರೆಯ ಮೇಲೆ.

ವಿದ್ಯಾರ್ಥಿಗಳು ಏನು ಮಾಡುತ್ತಾರೆ? ಎಂಜಿನ್ ಶುರು ಮಾಡಿ, ಮಿಕ್ಸ್ಚರ್ ಪೂರ್ತಿ ಒಳಗೆ ತಳ್ಳಿ, 20 ನಿಮಿಷ ಟ್ಯಾಕ್ಸಿ ಮಾಡುತ್ತಾರೆ, ಅಂದರೆ ನೆಲದ ಮೇಲೆ ಓಡಿಸುತ್ತಾರೆ. 100ಎಲ್‌ಎಲ್‌ನಲ್ಲಿ ಸೀಸ ಇದೆ, ಲೀಟರಿಗೆ ಗರಿಷ್ಠ 0.56 ಗ್ರಾಂ. ಹೆಸರಿನಲ್ಲಿ ಲೋ ಲೆಡ್ ಅಂತ ಇರುವುದು ಅದಕ್ಕಿಂತ ಹಳೆಯ ಇಂಧನಕ್ಕೆ ಹೋಲಿಸಿ, ಅಷ್ಟೆ. ಸೀಸವನ್ನು ಹೊಗೆಯ ಜೊತೆ ಹೊರಗೆ ಕಳಿಸಲು ಇಂಧನದಲ್ಲೇ ಒಂದು ರಾಸಾಯನಿಕ ಬೆರೆಸಿರುತ್ತಾರೆ. ಬೆಂಕಿ ಚೆನ್ನಾಗಿ ಬಿಸಿಯಾದರೆ ಮಾತ್ರ ಅದು ಕೆಲಸ ಮಾಡುತ್ತದೆ. ಆಮ್ಲಜನಕ ಸಾಲದ ತಣ್ಣನೆ ಬೆಂಕಿಯಲ್ಲಿ ಸೀಸ ಪ್ಲಗ್ಗಿನಲ್ಲೇ ಉಳಿದು, ಸಾಸಿವೆ ಕಾಳಿನಂತಹ ಬೂದು ಗುಂಡುಗಳಾಗುತ್ತದೆ. ಕೆಳಗಿನ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದರೆ ಕಾಣುತ್ತದೆ. ಪಿಂಗಾಣಿ ಮತ್ತು ಲೋಹದ ನಡುವೆ ಒಂದು ಕಾಳು ಕೂತರೆ ಸಾಕು, ಕಿಡಿ ಹಾರುವುದೇ ಇಲ್ಲ.

ಇದು ಮ್ಯಾಗ್ನೆಟೊ ಚೆಕ್‌ನಲ್ಲಿ ಸಿಕ್ಕಿಬೀಳುತ್ತದೆ. ಮ್ಯಾಗ್ನೆಟೊ ಅಂದರೆ ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಯಂತ್ರ, ಎಂಜಿನ್ನಿಗೆ ಎರಡು. 172ಎನ್‌ನಲ್ಲಿ 1700 ಆರ್‌ಪಿಎಂ ಇಟ್ಟು ಒಂದೊಂದೇ ಮ್ಯಾಗ್ನೆಟೊದ ಮೇಲೆ ಓಡಿಸಿದಾಗ 125ಕ್ಕಿಂತ ಜಾಸ್ತಿ ಬೀಳಬಾರದು. ಎರಡರ ನಡುವಿನ ವ್ಯತ್ಯಾಸ 50 ದಾಟಬಾರದು. ಒಂದು ಕಡೆ ಧಡಧಡ ನಡುಗಿ 200 ಬಿದ್ದರೆ ಗಾಬರಿ ಬೇಡ. ಸ್ವಲ್ಪ ಪವರ್ ಏರಿಸಿ, ಎಂಜಿನ್ ನಯವಾಗಿ ಓಡುವಷ್ಟು ಲೀನ್ ಮಾಡಿ, ಕೆಲವು ಸೆಕೆಂಡು ಬಿಸಿಯಾಗಲು ಬಿಡಿ. ಆಮೇಲೆ ಮತ್ತೆ ಚೆಕ್ ಮಾಡಿ. ಸರಿಹೋದರೆ ಪ್ಲಗ್ ಕೊಳೆ. ಹೋಗದಿದ್ದರೆ ವಾಪಸ್ ಹ್ಯಾಂಗರ್‌ಗೆ. "ಮೇಲೆ ಹೋದ್ರೆ ಸರಿಹೋಗುತ್ತೆ" ಅನ್ನುವ ಮಾತನ್ನು ನನ್ನ ಮುಂದೆ ಯಾರೂ ಆಡಬಾರದು.

ರಿಚ್ ಕಡೆಯ ಉಳಿದ ಕಳ್ಳರು

ನಾಬ್ ಎಳೆದಂತೆ ಎಂಜಿನ್ ನಯವಾಯಿತು, ಸೈಲೆನ್ಸರ್ ಬಾಯಲ್ಲಿ ಮಸಿ ಕೂತಿದೆ, ಪ್ಲಗ್ ಒಣ ಮಸಿಯಿಂದ ಕಪ್ಪಾಗಿದೆ. ಹಾಗಾದರೆ ನಾನು ಮೊದಲು ನೋಡುವುದು ಪ್ರೈಮರ್, ಅಂದರೆ ತಣ್ಣಗಿರುವ ಎಂಜಿನ್ ಶುರು ಮಾಡಲು ಪೆಟ್ರೋಲ್ ಚಿಮ್ಮಿಸುವ ಕೈಪಂಪ್. ಡ್ಯಾಶ್‌ಬೋರ್ಡಿನಲ್ಲಿರುವ ಆ ಚಿಕ್ಕ ಪಂಪನ್ನು ಒತ್ತಿ ತಿರುಗಿಸಿ ಲಾಕ್ ಮಾಡದಿದ್ದರೆ, ಎಂಜಿನ್ ತಾನೇ ಆ ದಾರಿಯಲ್ಲಿ ಪೆಟ್ರೋಲ್ ಹೀರಿಕೊಳ್ಳುತ್ತದೆ. ಐಡಲ್‌ನಲ್ಲಿ ಹೀರುವ ಬಲ ಜಾಸ್ತಿ, ಹಾಗಾಗಿ ನಡುಕವೂ ಅಲ್ಲೇ ಜಾಸ್ತಿ. ಸುಮ್ನೆ ಒಂದು ಸಲ ತಿರುಗಿಸಿ ಲಾಕ್ ಮಾಡಿ, ಲಾಗ್ ಕ್ಲೋಸ್ ಮಾಡಿದ ದಿನಗಳೂ ಇವೆ.

ಆಮೇಲೆ ಏರ್ ಫಿಲ್ಟರ್. ಧೂಳು ಕಟ್ಟಿದ ಫಿಲ್ಟರ್ ಎಂಜಿನ್ನಿನ ಮೂಗು ಮುಚ್ಚಿದ ಹಾಗೆ. ಆಮೇಲೆ ಕಾರ್ಬ್ಯುರೇಟರಿಗೆ ಬಿಸಿ ಗಾಳಿ ಕೊಡುವ ಕಾರ್ಬ್ ಹೀಟ್‌ನ ಬಾಗಿಲು. ಅದು ಪೂರ್ತಿ ಮುಚ್ಚದಿದ್ದರೆ ಸೈಲೆನ್ಸರ್ ಸುತ್ತ ಬಿಸಿಯಾದ ತೆಳು ಗಾಳಿ ಯಾವಾಗಲೂ ಒಳಗೆ ಸೇರುತ್ತಿರುತ್ತದೆ. ಬಿಸಿ ಗಾಳಿ ಅಂದರೆ ಅಷ್ಟೇ ಜಾಗದಲ್ಲಿ ಕಡಿಮೆ ಆಮ್ಲಜನಕ, ಜೊತೆಗೆ ಫಿಲ್ಟರ್ ದಾಟದ ಧೂಳು.

ಕಾರ್ಬ್ ಹೀಟ್ ಅಂದಾಗ ಐಸ್ ಮಾತು ಬರಲೇಬೇಕು. ಜುಲೈ ತಿಂಗಳು, ಬೆಂಗಳೂರು, 20 ಡಿಗ್ರಿ, ಜಡಿಮಳೆ ನಿಂತ ಬೆಳಗ್ಗೆ. ಐಸ್ ಎಲ್ಲಿಂದ ಬರಬೇಕು ಅನ್ನಿಸುತ್ತದೆ. ಮಡಕೆಯ ನೀರು ಆವಿಯಾಗಿ ಮಡಕೆ ತಣ್ಣಗಾಗುತ್ತದಲ್ಲ, ಪೆಟ್ರೋಲ್ ಆವಿಯಾಗುವಾಗಲೂ ಅದೇ ಆಗುತ್ತದೆ, ಇನ್ನೂ ಜೋರಾಗಿ. ಕಾರ್ಬ್ಯುರೇಟರ್ ಕತ್ತಿನಲ್ಲಿ ಉಷ್ಣತೆ 30 ಡಿಗ್ರಿಯಷ್ಟು ಕುಸಿಯಬಹುದು. ಗಾಳಿಯ ತೇವ ಅಲ್ಲೇ ಹೆಪ್ಪುಗಟ್ಟಿ ದಾರಿ ಕಿರಿದಾಗುತ್ತದೆ. ಗುರುತು ಹೀಗೆ: ಥ್ರಾಟಲ್ ಮುಟ್ಟದೆ ಆರ್‌ಪಿಎಂ ನಿಧಾನಕ್ಕೆ ಇಳಿಯುತ್ತದೆ. ಹೀಟ್ ಎಳೆದರೆ ಮೊದಲು ಇನ್ನಷ್ಟು ಇಳಿಯುತ್ತದೆ, ಕೆಮ್ಮುತ್ತದೆ. ಕರಗಿದ ನೀರು ಒಳಗೆ ಹೋಗುತ್ತಿದೆ ಅಂತ ಅರ್ಥ. ಆಮೇಲೆ ಮೊದಲಿಗಿಂತ ಮೇಲೇರುತ್ತದೆ. ಹೊಸ ಪೈಲಟ್‌ಗಳು ಕೆಮ್ಮು ಕೇಳಿ ಹೆದರಿ ಹೀಟ್ ವಾಪಸ್ ತಳ್ಳಿಬಿಡುತ್ತಾರೆ. ತಳ್ಳಬಾರದು. ಹ್ಯಾಂಗರ್‌ಗೆ ಬರುವಷ್ಟರಲ್ಲಿ ಐಸ್ ಕರಗಿ ಹೋಗಿರುತ್ತದೆ, ನಮಗೆ ಸಾಕ್ಷಿಯೇ ಸಿಗುವುದಿಲ್ಲ. ಅದಕ್ಕೇ ಲಾಗ್‌ನಲ್ಲಿ ಅವತ್ತಿನ ಹವೆ ಬರೆಯಿರಿ ಅಂತ ಬೇಡಿಕೊಳ್ಳುತ್ತೇನೆ.

ಇಂಧನವೇ ಬೇರೆಯಾದರೆ

ಟ್ಯಾಂಕ್ ಕೆಳಗಿನ ಡ್ರೈನ್‌ನಿಂದ ಇಂಧನವನ್ನು ಕಪ್‌ಗೆ ಹಿಡಿದಾಗ ಅದರಲ್ಲಿರುವ ನೀರು ತಳಕ್ಕೆ ಇಳಿಯುತ್ತದೆ, ನೀಲಿ ಮೇಲೆ ನಿಲ್ಲುತ್ತದೆ. ಗೆರೆ ಕಂಡರೆ ಸುಲಭ. ಕಪ್ ತುಂಬಾ ಬರೀ ನೀರೇ ಬಂದರೆ ಗೆರೆ ಇರುವುದಿಲ್ಲ. "ಕ್ಲೀನ್ ಇದೆ ಸಾರ್" ಅಂದುಬಿಡುತ್ತಾರೆ. ಬಿಳಿ ಗೋಡೆಗೆ ಹಿಡಿದು ನೀಲಿ ಇದೆಯಾ ನೋಡಿ, ಮೂಸಿ ನೋಡಿ.

ಜೆಟ್ ಇಂಧನ ಬೆರೆತಿದೆಯೇ ಅನ್ನುವ ಅನುಮಾನ ಬಂದರೆ ಬಿಳಿ ಕಾಗದದ ಮೇಲೆ ಒಂದು ಹನಿ ಬಿಡಿ. ಆವ್‌ಗ್ಯಾಸ್ ಆರಿ ಹೋಗುತ್ತದೆ. ಜೆಟ್ ಇಂಧನ ಸೀಮೆಎಣ್ಣೆಯ ಅಣ್ಣತಮ್ಮ, ಬೋಂಡ ಕಟ್ಟಿದ ಪೇಪರಿನ ಹಾಗೆ ಎಣ್ಣೆಯ ಉಂಗುರ ಬಿಡುತ್ತದೆ. ಅಂಥ ವಿಮಾನದ ಎಂಜಿನ್ ಶುರು ಮಾಡುವ ಮಾತೇ ಇಲ್ಲ. ಪೆಟ್ರೋಲಿನ ಪಿಸ್ಟನ್ ಎಂಜಿನ್ ಅದನ್ನು ತಾಳುವುದಿಲ್ಲ, ಸಿಲಿಂಡರಿನ ಒಳಗೆ ಇಂಧನ ಸಿಡಿದು ಉರಿಯುತ್ತದೆ.

"ಬಂಕ್ ಪೆಟ್ರೋಲ್ ಹಾಕಿದ್ರೆ ಏನಾಗುತ್ತೆ?" ಅಂತಲೂ ಕೇಳುತ್ತಾರೆ. ಈಗ ಬಂಕ್‌ನಲ್ಲಿ ಸಿಗುವುದು ಎಥನಾಲ್ ಬೆರೆತ ಪೆಟ್ರೋಲ್. ಶೇ. 20 ಎಥನಾಲ್ ಇರುವ ಇ20ಯನ್ನು 2023ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ಎಥನಾಲ್ ತೂಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಆಮ್ಲಜನಕವೇ. ಅಂದರೆ ಇಂಧನ ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬರುತ್ತದೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬರುವ ಅದೇ ರಂಧ್ರ, ಅದೇ ಗಾಳಿ, ಆದರೆ ಮಿಶ್ರಣ ಲೀನ್. ಅದಲ್ಲದೆ ಅದು ನೀರು ಹೀರುತ್ತದೆ, ಹಳೆಯ ರಬ್ಬರ್ ತಿನ್ನುತ್ತದೆ. ನಮ್ಮ ಸೆಸ್ನಾಗೆ ಅದು ನಿಷಿದ್ಧ. 2022ರಿಂದ ಇಂಡಿಯನ್ ಆಯಿಲ್ ವಡೋದರದ ರಿಫೈನರಿಯಲ್ಲಿ 100ಎಲ್‌ಎಲ್ ತಯಾರಿಸುತ್ತಿದೆ. ಅದಕ್ಕೂ ಮುಂಚೆ ಎಲ್ಲಾ ಆಮದು.

ಟ್ಯಾಂಕಿಗೆ ಗಾಳಿ ಹೋಗುವ ವೆಂಟ್ ಕೊಳವೆ ಮರೆಯಬೇಡಿ. ಇಂಧನ ಕೆಳಗಿಳಿಯಲೂ ಗಾಳಿ ಬೇಕು. ಕಣಜ ಹುಳು ಅಲ್ಲಿ ಮಣ್ಣಿನ ಗೂಡು ಕಟ್ಟಿದರೆ ಟ್ಯಾಂಕ್ ತುಂಬಿದ್ದರೂ ಎಂಜಿನ್ ಒಣಗುತ್ತದೆ. ಇದರ ಗುರುತು ನಮ್ಮ ಕೇಸಿಗೆ ಉಲ್ಟಾ: ಐಡಲ್ ಸರಿ, ಪವರ್‌ನಲ್ಲಿ ಸ್ವಲ್ಪ ಹೊತ್ತು ಓಡಿದ ಮೇಲೆ ಸೊರಗುತ್ತದೆ.

ಜೆಟ್‌ನವರಿಗೆ ಎರಡು ಮಾತು

ಅಲ್ಲಿ ಕೆಂಪು ನಾಬ್ ಇಲ್ಲ, ಕಂಪ್ಯೂಟರೇ ಅಳೆದು ಹಾಕುತ್ತದೆ. ಆದರೆ ಪ್ರಶ್ನೆ ಅದೇ. 1982ರ ಜೂನ್‌ನಲ್ಲಿ ಬ್ರಿಟಿಷ್ ಏರ್‌ವೇಸ್ 9 ಇಂಡೊನೇಷ್ಯಾದ ಗಲುಂಗುಂಗ್ ಜ್ವಾಲಾಮುಖಿಯ ಬೂದಿಯಲ್ಲಿ ಹಾರಿ, 37,000 ಅಡಿಯಲ್ಲಿ ನಾಲ್ಕೂ ಎಂಜಿನ್ ಕಳೆದುಕೊಂಡಿತು. ಟ್ಯಾಂಕಿನಲ್ಲಿ ಇಂಧನ ಇತ್ತು, ಕೆಟ್ಟಿದ್ದು ಗಾಳಿಯ ದಾರಿ. ಬೂದಿಯಿಂದ ಹೊರಬಂದು, ಸುಮಾರು 13,000 ಅಡಿಗೆ, ದಟ್ಟ ಗಾಳಿಗೆ ಇಳಿದ ಮೇಲೆ ಎಂಜಿನ್ ಮತ್ತೆ ಹತ್ತಿಕೊಂಡವು. 2008ರ ಜನವರಿಯಲ್ಲಿ ಬೀಜಿಂಗ್‌ನಿಂದ ಬಂದ ಬೋಯಿಂಗ್ 777, ಬ್ರಿಟಿಷ್ ಏರ್‌ವೇಸ್ 38, ಲಂಡನ್ ಹೀಥ್ರೂ ರನ್‌ವೇಗಿಂತ ಮುಂಚೆಯೇ ನೆಲಕ್ಕೆ ಬಿತ್ತು. ಅಲ್ಲಿ ಗಾಳಿ ಧಾರಾಳ. ಇಂಧನದಲ್ಲಿದ್ದ ನೀರು ಐಸ್ ಆಗಿ, ಇಂಧನ ಬಿಸಿ ಮಾಡುವ ಉಪಕರಣದ ಸಣ್ಣ ಕೊಳವೆಗಳ ಬಾಯಿ ಕಟ್ಟಿತ್ತು. ಪುಣ್ಯಕ್ಕೆ ಎರಡೂ ಸಲ ಯಾರೂ ಸಾಯಲಿಲ್ಲ.

ಮತ್ತೆ ನಮ್ಮ ಸೆಸ್ನಾ

ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಬ್ ಎಳೆದೆ. ಸ್ಕ್ರೂ ರಿಚ್ ಕಡೆ ತಿರುಗಿಸಿದ್ದರೂ ಸೂಜಿ ಏರಲೇ ಇಲ್ಲ. ಅಂದರೆ ಲೀನ್. ಫುಲ್ ಥ್ರಾಟಲ್ ಕೊಟ್ಟೆ. ಬೆಣ್ಣೆಯ ಹಾಗೆ ಓಡಿತು.

ಕಾರಣ ಇಷ್ಟೆ. ಐಡಲ್‌ನಲ್ಲಿ ಥ್ರಾಟಲ್ ಮುಚ್ಚಿರುತ್ತದೆ, ಅದರ ಹಿಂದಿನ ಕೊಳವೆಗಳಲ್ಲಿ ಒತ್ತಡ ಹೊರಗಿನ ಅರ್ಧಕ್ಕಿಂತಲೂ ಕಡಿಮೆ. ಆಗ ಕೂದಲೆಳೆಯ ಸಂದಿ ಇದ್ದರೂ ಹೊರಗಿನ ಗಾಳಿ ನುಗ್ಗುತ್ತದೆ. ಫುಲ್ ಥ್ರಾಟಲ್‌ನಲ್ಲಿ ಒಳಗೂ ಹೊರಗೂ ಒತ್ತಡ ಹೆಚ್ಚುಕಡಿಮೆ ಸಮ, ಸಂದಿ ಇದ್ದೂ ಇಲ್ಲದ ಹಾಗೆ. ಲೀನ್, ಅದೂ ಐಡಲ್‌ನಲ್ಲಿ ಮಾತ್ರ: ಎಲ್ಲೋ ಕಳ್ಳಗಾಳಿ.

ಯಾವ ಸಿಲಿಂಡರ್? ತಣ್ಣಗಿದ್ದ ಎಂಜಿನನ್ನು ಐಡಲ್‌ನಲ್ಲಿ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿದೆವು. ಮ್ಯಾಗ್ನೆಟೊ ಆಫ್, ಕೀ ನನ್ನ ಜೇಬಿನಲ್ಲಿ. ಹಿಂದೆ ನಮ್ಮ ಗುರುಗಳು ಎಕ್ಸಾಸ್ಟ್ ಕೊಳವೆಗಳ ಮೇಲೆ ನೀರು ಚಿಮುಕಿಸುತ್ತಿದ್ದರು, ದೋಸೆ ಕಾವಲಿ ಕಾದಿದೆಯಾ ಅಂತ ನೋಡುವ ಹಾಗೆ. ಚುರ್ ಅನ್ನದ ಕೊಳವೆಯ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ಲೆಕ್ಕ. ಈಗ ಇನ್‌ಫ್ರಾರೆಡ್ ಗನ್ ಇದೆ. ಮೂರು ಕೊಳವೆ ಕಾದಿದ್ದವು. 3ನೇ ನಂಬರ್, ಬಲಗಡೆ ಹಿಂದಿನದು, ಬರೀ ಉಗುರು ಬೆಚ್ಚಗೆ.

ಟಾರ್ಚ್ ಹಿಡಿದು ಹುಡುಗನೇ ಕೆಳಗೆ ತೂರಿದ. ಸ್ವಲ್ಪ ಹೊತ್ತು ಸದ್ದಿಲ್ಲ.

"ಸಾರ್, ಇಲ್ಲಿ ನೀಲಿ ಕಾಣ್ತಿದೆ."

ಇನ್‌ಟೇಕ್ ಕೊಳವೆ ಸಿಲಿಂಡರಿಗೆ ಸೇರುವ ಫ್ಲ್ಯಾಂಜ್‌ನ ಅಂಚಿನಲ್ಲಿ, ಬೆರಳುಗುರಿನ ಅಗಲಕ್ಕೆ ನೀಲಿ ಕಲೆ. ಆವ್‌ಗ್ಯಾಸ್ ಆರಿದರೂ ಬಣ್ಣ ಅಲ್ಲೇ ಉಳಿಯುತ್ತದೆ. ಗಾಳಿ ಒಳಗೆ ಹೋಗುವ ಸಂದಿಯಲ್ಲೇ ಆಗಾಗ ಒಂದಿಷ್ಟು ಪೆಟ್ರೋಲ್ ಹೊರಗೂ ಜಿನುಗಿತ್ತು. ಖಾತ್ರಿಗೆ ವ್ಯಾಕ್ಯೂಮ್ ಕ್ಲೀನರ್‌ನ ಊದುವ ಬಾಯಿಂದ ಇನ್‌ಟೇಕ್‌ಗೆ ಹಗುರಾಗಿ ಗಾಳಿ ಕೊಟ್ಟು, ಕೀಲುಗಳಿಗೆಲ್ಲ ಸೋಪಿನ ನೀರು ಹಚ್ಚಿದೆವು. ಪಂಕ್ಚರ್ ಅಂಗಡಿಯ ಟ್ಯೂಬಿನ ಹಾಗೆ ಅಲ್ಲೇ ಗುಳ್ಳೆ ಎದ್ದಿತು. ಒಂದು ನಟ್ ಸಡಿಲವಾಗಿತ್ತು, ಒಳಗೆ ಗ್ಯಾಸ್ಕೆಟ್ ಸೀಳಿತ್ತು.

ಹೊಸ ಗ್ಯಾಸ್ಕೆಟ್, ಕೈಪಿಡಿ ಹೇಳಿದ ಟಾರ್ಕ್, ಲಾಗ್‌ನಲ್ಲಿ ಸಹಿ. ಎರಡು ದಿನ ದೋಷವನ್ನು ಮುಚ್ಚಿಟ್ಟಿದ್ದ ಆ ಐಡಲ್ ಸ್ಕ್ರೂವನ್ನು ವಾಪಸ್ ತಿರುಗಿಸಿದ್ದೂ ಹುಡುಗನೇ. ಸಂಜೆ ಎಂಜಿನ್ ಬೆಚ್ಚಗೆ ಮಾಡಿ, ಈ ಸಲ ನಾಬನ್ನು ಅವನ ಕೈಗೇ ಬಿಟ್ಟೆ. ಅವನು ಉಸಿರು ಬಿಗಿಹಿಡಿದು ಎಳೆದ. ಸೂಜಿ 30 ಏರಿತು, ಒಂದು ಗಳಿಗೆ ನಿಂತಿತು, ಆಮೇಲೆ ಬಿತ್ತು.